ಬೆಣೆಯ ವಂಶ

ಕೋಲಾರ ಜಿಲ್ಲೆಯ ಕ್ಯಾಲನೂರಿನಿಂದ ಮುಳಬಾಗಿಲಿನವರೆಗೆ, ನಾಡಿನ ಉಳಿದ ಕಡೆಯಂತೆಯೇ, ಸಣ್ಣ ಮರಗೆಲಸದ ಅಂಗಡಿಯ ಟೇಬಲ್ ಸಾ ಎಂದರೆ ಎಷ್ಟೋ ಸಲ ಕೊಂಡು ತಂದ ಯಂತ್ರವಲ್ಲ. ಪ್ಲೈವುಡ್ಡಿಗೆ ಸೀಳು ಕೊರೆದು, ಕೈಯಲ್ಲಿ ಹಿಡಿಯುವ ಕಟ್ಟಿಂಗ್ ಮೆಷಿನ್ನನ್ನು ಅಡಿಯಿಂದ ತಲೆಕೆಳಗಾಗಿ ಬಿಗಿದದ್ದು. ಅದರ ಜೊತೆಗೆ ಬೇಕಾದ ತಳ್ಳುಕೋಲು, ಮರವನ್ನು ಹೊತ್ತು ಜಾರುವ ಸ್ಲೆಡ್, ಹಲಗೆಯನ್ನು ಒತ್ತಿ ಹಿಡಿಯುವ ಬಾಚಣಿಗೆಪಟ್ಟಿ ಇವೆಲ್ಲ ಚೂರುಮರದಲ್ಲೇ ಆಗುತ್ತವೆ. ಇವು ಪುರುಸೊತ್ತಿನಲ್ಲಿ ಮಾಡಿಕೊಳ್ಳುವ ಅಲಂಕಾರಗಳಲ್ಲ, ಯಂತ್ರದ ಅಂಗಗಳು; ಯಂತ್ರಕ್ಕಿಂತ ಹಳೆಯ ವಂಶದವು. ಇಬ್ಬರು ಸೇರಿ ದಿಮ್ಮಿ ಕೊಯ್ಯುತ್ತಿದ್ದಾಗ, ಸೀಳು ಮುಚ್ಚಿಕೊಂಡು ಗರಗಸ ಸಿಕ್ಕಿಬೀಳದಂತೆ ಬೆಣೆ ಹೊಡೆಯುತ್ತಿದ್ದರು. 1777ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಮಿಲ್ಲರನ ಪೇಟೆಂಟಿನಲ್ಲಿ ಕಾಣಿಸಿಕೊಂಡ ದುಂಡು ಗರಗಸ ಕಾರ್ಖಾನೆಗಳಿಗೆ ಹಬ್ಬಿದ ಮೇಲೆ, ಬೆಣೆಯ ಕೆಲಸವನ್ನು ಬ್ಲೇಡಿನ ಬೆನ್ನಿಗೆ ನಿಲ್ಲುವ ರೈವಿಂಗ್ ನೈಫ್ ಎಂಬ ತಗಡು ವಹಿಸಿಕೊಂಡಿತು. 1906ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಆಲ್ಟೆನ್‌ಡಾರ್ಫ್ ಜಾರುವ ಮೇಜಿನ ಗರಗಸ ರೂಪಿಸಿದ. ಪಟ್ಟಿಯ ಮೇಲೆ ಜಾರುವ ಪ್ಲೈವುಡ್ ಸ್ಲೆಡ್ ಅದರ ಬಡ ನೆಂಟ.

ಕೋಲಾರದ ಚಿನ್ನದ ಗಣಿಗಳಿಗೆ ಶಿವನಸಮುದ್ರದ ವಿದ್ಯುತ್ 1902ರಲ್ಲೇ ಬಂತು, ಹಳ್ಳಿಯ ಅಂಗಡಿಗಳಿಗೆ ಬಂದದ್ದು ಬಹಳ ತಡವಾಗಿ. ಯಂತ್ರ ಬಂದಷ್ಟು ಬೇಗ ಅದರ ರಕ್ಷಣೆ ಬರಲಿಲ್ಲ. 1948ರ ಕಾರ್ಖಾನೆ ಕಾಯಿದೆಯಡಿಯ ನಿಯಮಗಳು ದುಂಡು ಗರಗಸಕ್ಕೆ ರೈವಿಂಗ್ ನೈಫನ್ನೂ ತಳ್ಳುಕೋಲನ್ನೂ ಕಡ್ಡಾಯ ಮಾಡಿದವು. ಆದರೆ ಸಾಮಾನ್ಯವಾಗಿ ಆ ಕಾಯಿದೆ ಅನ್ವಯಿಸಿದ್ದು ವಿದ್ಯುತ್ ಬಳಸುವ, 10 ಮಂದಿಯಾದರೂ ದುಡಿಯುವ ಕಡೆಗೆ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಈ ಮಿತಿಯನ್ನು 20ಕ್ಕೆ ಏರಿಸಿತು. ಇಬ್ಬರು ಮೂವರ ಅಂಗಡಿ ಅದರ ಹೊರಗೇ ಉಳಿಯಿತು. ಇತ್ತ ಈ ಸೀಮೆಯ ಹೊಲಗಳನ್ನು ತುಂಬಿದ ನೀಲಗಿರಿಯಂಥ ಮರ ಬೆಳೆಯುವಾಗಲೇ ಒಳಗೆ ಬಿಗಿ ಕಟ್ಟಿಕೊಂಡಿರುತ್ತದೆ. ಉದ್ದಕ್ಕೆ ಸೀಳಿದರೆ ಹೋಳುಗಳು ಬಾಗಿ ಬ್ಲೇಡನ್ನು ಅಮುಕಬಹುದು. ಆಗ ಮೇಲೇರುವ ಹಿಂಬದಿಯ ಹಲ್ಲು ಹಲಗೆಯನ್ನೆತ್ತಿ ಕೆಲಸಗಾರನ ಕಡೆಗೇ ಎಸೆಯುತ್ತದೆ.

ಕೈ ಪಳಗಿದವರಿಗೆ ಈ ರಕ್ಷಣೆಯೆಲ್ಲ ಬೇಡ ಎಂಬ ಮಾತಿದೆ. ಲೆಕ್ಕ ಹಾಕಿ ನೋಡಬೇಕು: 185 ಮಿ.ಮೀ. ಬ್ಲೇಡು ನಿಮಿಷಕ್ಕೆ 5,000 ಸುತ್ತು ತಿರುಗಿದರೆ ಅದರ ಹಲ್ಲು ಸೆಕೆಂಡಿಗೆ ಸುಮಾರು 48 ಮೀಟರ್ ಓಡುತ್ತದೆ. ಕಣ್ಣು ಕಂಡು ಕೈ ಹಿಂದೆಗೆಯಲು ಕಾಲು ಸೆಕೆಂಡು ಸಾಕೆಂದರೂ ಅಷ್ಟರಲ್ಲಿ ಹಲ್ಲು 12 ಮೀಟರ್ ದಾಟಿರುತ್ತದೆ. ಅನುಭವ ಮರದ ಗುಣ ಹೇಳಿಕೊಡುತ್ತದೆ, ಈ ವೇಗವನ್ನು ಗೆಲ್ಲಿಸಿಕೊಡುವುದಿಲ್ಲ. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದು: ಮೆಷಿನ್ನನ್ನು ತಲೆಕೆಳಗು ಮಾಡುವಾಗ ಅದರ ಕಾಪುಮುಚ್ಚಳವನ್ನು ತೆರೆದೇ ಕಟ್ಟಿಬಿಡುತ್ತಾರೆ, ಹಾಗಾಗಿ ಮನೆತಯಾರಿಯೇ ಅಪಾಯದ ಮೂಲ. ಇದು ನಿಜ, ಒಪ್ಪಲೇಬೇಕು. ಕಾರ್ಖಾನೆಯಲ್ಲಿ ತಯಾರಾದ ಟೇಬಲ್ ಸಾ ಕೊಳ್ಳಬಲ್ಲವರು ಅದನ್ನೇ ಕೊಳ್ಳಲಿ. ಕೊಳ್ಳಲಾಗದವರಿಗೆ ಇದರಿಂದ ಸಿಗುವುದು ಕೈಬಿಡಲು ನೆಪವಲ್ಲ, ಕೆಲಸದ ಪಟ್ಟಿ: ಬ್ಲೇಡಿನ ತಗಡಿಗಿಂತ ದಪ್ಪ, ಹಲ್ಲು ಮಾಡುವ ಸೀಳಿಗಿಂತ ತೆಳುವಾದ ಬೆಣೆ ಅದರ ಹಿಂದೆ ನಿಲ್ಲಬೇಕು, ಮೇಲೆ ಮುಚ್ಚಳ ಬರಬೇಕು, ಕೈಗೆಟುಕುವಲ್ಲಿ ಸ್ವಿಚ್ಚಿರಬೇಕು. ತಳ್ಳುಕೋಲು ಮರದ್ದೇ ಆಗಬೇಕು. ಹಲ್ಲಿಗೆ ಸಿಕ್ಕರೆ ಕೋಲು ಹೋಗುತ್ತದೆ, ಬೆರಳು ಉಳಿಯುತ್ತದೆ.

ಕೈಯಲ್ಲಿ ಮಾಡಿದ್ದರಲ್ಲಿ ನಿಖರತೆ ಎಲ್ಲಿ ಎನ್ನುವವರಿಗೆ ಸ್ಲೆಡ್ಡೇ ಉತ್ತರ. ಒಂದು ಹಲಗೆಯ ನಾಲ್ಕು ಬದಿಯನ್ನೂ ಸರದಿಯಂತೆ ಕೊಯ್ದು, ಮೊದಲ ಬದಿಯಿಂದ ಐದನೆಯ ಸಲ ಒಂದು ಪಟ್ಟಿ ತೆಗೆದರೆ ಮೂಲೆಮಟ್ಟದ ದೋಷ ಅದರಲ್ಲಿ ನಾಲ್ಕು ಪಟ್ಟು ಬೆಳೆದಿರುತ್ತದೆ. 400 ಮಿ.ಮೀ. ಉದ್ದದ ಆ ಪಟ್ಟಿಯ ಎರಡು ತುದಿಗಳ ಅಗಲದಲ್ಲಿ 1 ಮಿ.ಮೀ. ಅಂತರ ಕಂಡರೆ ಒಂದೊಂದು ಕೊಯ್ತದ ತಪ್ಪು ಕಾಲು ಮಿ.ಮೀ. ಹಲಗೆ ಒರಗುವ ಸ್ಲೆಡ್ಡಿನ ಒತ್ತುಪಟ್ಟಿಯನ್ನು ಅಷ್ಟು ಸರಿಸಿ, ಮತ್ತೆ ಐದು ಸಲ ಕೊಯ್ದು ನೋಡಿ, ಆಮೇಲೆ ಅದಕ್ಕೆ ಕೊನೆಯ ಸ್ಕ್ರೂ ಬಿಗಿಯಬೇಕು.