ವೃದ್ಧಾಶ್ರಮದ ಬಾಗಿಲು: ಒಂದು ಚಾರಿತ್ರಿಕ ಅವಲೋಕನ

ವೃದ್ಧಾಶ್ರಮದ ಬಾಗಿಲನ್ನು ಯಾರಿಗೆ ತೆರೆಯಬೇಕು, ಎಂದು ಮುಚ್ಚಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಅಲ್ಪವೆನಿಸಬಹುದು. ಆದರೆ ೨೦೨೦ರ ಕೊರೋನಾ ಪಿಡುಗು ಅದನ್ನೇ ಜೀವನ್ಮರಣದ ಪ್ರಶ್ನೆಯನ್ನಾಗಿ ಮಾಡಿತು.

ಆ ವರ್ಷದ ಫೆಬ್ರವರಿಯ ಅಂತ್ಯದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರ್ಕ್‌ಲೆಂಡ್ ಪಟ್ಟಣದ ಶುಶ್ರೂಷಾಲಯವೊಂದರಲ್ಲಿ ಸೋಂಕು ಪತ್ತೆಯಾಯಿತು. ಮಾರ್ಚ್ ೧೮ರ ಹೊತ್ತಿಗೆ ಅದರ ಸಂಬಂಧದಿಂದ ೧೬೭ ಮಂದಿ ಪೀಡಿತರಾಗಿದ್ದರು: ನಿವಾಸಿಗಳು ೧೦೧, ಸಿಬ್ಬಂದಿಯವರು ೫೦, ಸಂದರ್ಶಕರು ೧೬. ಪೀಡಿತ ನಿವಾಸಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಅಸುನೀಗಿದರು. ಅಸ್ವಸ್ಥರಾಗಿದ್ದೂ ಕೆಲಸಕ್ಕೆ ಬಂದವರು, ಒಂದಕ್ಕಿಂತ ಹೆಚ್ಚು ಆಲಯಗಳಲ್ಲಿ ದುಡಿಯುತ್ತಿದ್ದವರು, ರಕ್ಷಣಾ ಸಾಮಗ್ರಿಗಳ ಅಭಾವ ಇವೇ ಸೋಂಕು ಹಬ್ಬಲು ನೆರವಾದುವೆಂದು ತನಿಖೆಯಿಂದ ತಿಳಿದುಬಂದಿತು.

ಮಾರ್ಚ್ ೧೩ರಂದು ಅಮೆರಿಕವೂ ೨೦ರಂದು ನೆದರ್‌ಲ್ಯಾಂಡ್ಸ್ ದೇಶವೂ, ಅಂತ್ಯಕಾಲದಂತಹ ಸಂದರ್ಭಗಳ ಹೊರತು, ಸಂದರ್ಶಕರ ಪ್ರವೇಶವನ್ನು ನಿಷೇಧಿಸಿದುವು. ರೋಗದ ಸ್ವರೂಪವೇ ಅರಿಯದಿದ್ದ ಆ ದಿನಗಳಲ್ಲಿ ಇದು ಸಹಜವಾದ ಕ್ರಮವೇ ಸರಿ. ಆದರೆ ಮಕ್ಕಳು ಕಿಟಕಿಯ ಗಾಜಿನಾಚೆ ನಿಂತು ಕೈಬೀಸಬೇಕಾಯಿತು. ಮರೆವಿನ ರೋಗಕ್ಕೆ ತುತ್ತಾದ ವೃದ್ಧರಿಗೆ, ಮಗನೇಕೆ ಒಳಗೆ ಬಾರನೆಂಬುದು ತಿಳಿಯುವ ಬಗೆಯಾದರೂ ಹೇಗೆ? ಬಾಗಿಲು ಮುಚ್ಚಿದರೂ ಸಿಬ್ಬಂದಿ ನಿತ್ಯವೂ ಒಳಹೊರಗೆ ಓಡಾಡಲೇಬೇಕಾದುದರಿಂದ, ಸೋಂಕಿನ ದಾರಿಯೂ ಪೂರ್ಣವಾಗಿ ಮುಚ್ಚಲಿಲ್ಲ.

ನೆದರ್‌ಲ್ಯಾಂಡ್ಸ್ ದೇಶವು ಮೇ ೧೧ರಿಂದ ೨೬ ಶುಶ್ರೂಷಾಲಯಗಳಲ್ಲಿ ಒಂದು ಪ್ರಯೋಗವನ್ನು ಕೈಗೊಂಡಿತು. ಪ್ರತಿಯೊಬ್ಬ ನಿವಾಸಿಗೂ ಒಬ್ಬ ನಿಯತ ಸಂದರ್ಶಕ. ಅವರಿಗೆ ಕಟ್ಟುನಿಟ್ಟಿನ ನಿಯಮಗಳು. ಮೊದಲ ಮೂರು ವಾರಗಳಲ್ಲಿ ಹೊಸ ಸೋಂಕು ವರದಿಯಾಗಲಿಲ್ಲ. ಅವಧಿ ಅಲ್ಪವಾದುದರಿಂದ ಇದನ್ನೇ ಅಂತಿಮ ಪ್ರಮಾಣವೆನ್ನಲಾಗದು. ಆದರೂ ಶಿಸ್ತಿನಿಂದ ಕೂಡಿದ ಭೇಟಿ ಸಾಧ್ಯವೆಂಬ ಧೈರ್ಯವನ್ನು ಅದು ನೀಡಿತು. ೨೦೨೧ರ ನವೆಂಬರ್ ೧೨ರಂದು ಅಮೆರಿಕವು ಸರ್ವಕಾಲದಲ್ಲೂ ಭೇಟಿಗೆ ಅವಕಾಶವಿತ್ತಿತು. ಇಂಗ್ಲೆಂಡಿನಲ್ಲಿ ೨೦೨೪ರ ಏಪ್ರಿಲ್ ೬ರಿಂದ, ಅಸಾಧಾರಣ ಸನ್ನಿವೇಶಗಳ ಹೊರತು, ಭೇಟಿಯನ್ನು ತಡೆಯಬಾರದೆಂಬ ನಿಯಮವೇ ಜಾರಿಗೆ ಬಂದಿತು.

ವಿಯೆನ್ನಾದ ಆಸ್ಪತ್ರೆಯಲ್ಲಿ ೧೮೪೭ರಲ್ಲಿಯೇ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಕೈತೊಳೆಯುವುದರಿಂದ ಬಾಣಂತಿಯರ ಸಾವು ತಗ್ಗುವುದೆಂದು ತೋರಿಸಿದ್ದನು. ಇಂದಿಗೂ ಭೇಟಿಯ ನಿಯಮಗಳು ಸರಳವೇ: ಜ್ವರ, ಕೆಮ್ಮು ಇದ್ದವರು ಮನೆಯಲ್ಲಿಯೇ ಉಳಿಯಬೇಕು, ಒಳಹೊಕ್ಕೊಡನೆ ಕೈತೊಳೆಯಬೇಕು, ಸೋಂಕು ಹಬ್ಬಿರುವಾಗ ಮುಖಗವಸು ಧರಿಸಬೇಕು, ಕೋಣೆಯಲ್ಲಿ ಗಾಳಿಯಾಡಬೇಕು. ದುಡಿಯುವವರಿಗೆ ಕಾಯಿಲೆಯ ದಿನಗಳಲ್ಲಿ ಸಂಬಳಸಹಿತ ರಜೆ ದೊರೆಯಬೇಕು; ಇಲ್ಲವಾದರೆ ಬಡತನವೇ ಅವರನ್ನು ಜ್ವರದಲ್ಲೂ ಕೆಲಸಕ್ಕೆ ಅಟ್ಟುತ್ತದೆ.

ವೃದ್ಧರನ್ನು ರೋಗದಿಂದ ಕಾಯುವುದೂ ಏಕಾಕಿತನದಿಂದ ಕಾಯುವುದೂ ಬೇರೆಬೇರೆ ಕರ್ತವ್ಯಗಳಲ್ಲ ಎಂಬುದೇ ಈ ಇತಿಹಾಸದ ಪಾಠ.