ತಂಪಿನ ಪಾಲು

ರಾಜ್ಯಗಳ ಏಳುಬೀಳುಗಳನ್ನು ಬರೆದಿಟ್ಟಷ್ಟು ಶ್ರದ್ಧೆಯಿಂದ ನಮ್ಮ ಚರಿತ್ರಕಾರರು ಬೇಸಗೆಯನ್ನು ಕುರಿತು ಬರೆದಿಲ್ಲ. ಕಲ್ಯಾಣವನ್ನು ಯಾರು ರಾಜಧಾನಿ ಮಾಡಿಕೊಂಡರು, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೆ ಶಾಸನಗಳಿವೆ, ಕಾವ್ಯಗಳಿವೆ. ಆದರೆ ಅದೇ ಕಲ್ಯಾಣದಲ್ಲಿ ವೈಶಾಖದ ನಡುಹಗಲನ್ನು ಜನ ಹೇಗೆ ಕಳೆದರು ಎಂದು ಕೇಳಿದರೆ, ಉತ್ತರವನ್ನು ಅಲ್ಲಿಷ್ಟು ಇಲ್ಲಿಷ್ಟು ಆಯ್ದು ತರಬೇಕಾಗುತ್ತದೆ. ಈ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಇಂದು ಬಸವಕಲ್ಯಾಣದಲ್ಲಿ, ಹುಮನಾಬಾದಿನಲ್ಲಿ ಸಿಮೆಂಟಿನ ಚಾವಣಿಯ ಕೆಳಗೆ, ಮೇಲಂತಸ್ತಿನ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿ ಬೇಯುತ್ತಿರುವ ಸಂಸಾರಗಳಿಗೂ ಈ ಪ್ರಶ್ನೆಗೂ ನೇರವಾದ ಸಂಬಂಧವಿದೆ.

ಬೀದರ ಜಿಲ್ಲೆಯ ಈ ಎರಡು ಊರುಗಳೂ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಎತ್ತರದ ಪ್ರಸ್ಥಭೂಮಿಯಲ್ಲಿವೆ. ಕಡಲು ದೂರ, ಆದುದರಿಂದ ಬೇಸಗೆಯ ಹಗಲು ಒಣ ಬಿಸಿಲಿನದು. ಬಯಲುನಾಡಿನಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಷ್ಟು ಏರಿತೆಂದರೆ ಹವಾಮಾನ ಇಲಾಖೆಯವರು ಅದನ್ನು ಬಿಸಿಗಾಳಿಯ ಅಲೆ ಎಂದು ಕರೆಯುತ್ತಾರೆ. ಅಲೆ ಎಂಬ ಮಾತು ಕಿವಿಗೆ ಮೃದುವಾಗಿದೆ. ಅದರ ಕೆಲಸ ಮೃದುವಾದುದಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದ್ ನಗರವೊಂದರಲ್ಲೇ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದುವೆಂದು ತಜ್ಞರು ಲೆಕ್ಕಹಾಕಿದ್ದಾರೆ. 2015ರ ಬೇಸಗೆಯಲ್ಲಿ ದೇಶದಲ್ಲಿ ಸತ್ತವರ ಸಂಖ್ಯೆ ಎರಡು ಸಾವಿರವನ್ನು ಮೀರಿತು. ಅವರಲ್ಲಿ ಬಹುಪಾಲು ಮಂದಿ ಆಂಧ್ರಪ್ರದೇಶದವರು ಮತ್ತು ನಮ್ಮ ನೆರೆಯ ತೆಲಂಗಾಣದವರು. ನೆರೆ ಬಂದರೆ ಊರೆಲ್ಲ ನೋಡುತ್ತದೆ. ಬಿಸಿಲು ಮಾತ್ರ ಒಬ್ಬೊಬ್ಬರನ್ನೇ, ಅವರವರ ಕೋಣೆಯಲ್ಲಿ, ಅವರವರ ಹೊಲದಲ್ಲಿ ಸದ್ದಿಲ್ಲದೆ ಹಿಡಿಯುತ್ತದೆ.

ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ಚಾಲುಕ್ಯರ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದನು. ಅವನ ಮೊಮ್ಮಗ, ಆರನೆಯ ವಿಕ್ರಮಾದಿತ್ಯನ ಮಗ, ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಐದು ವಿಂಶತಿಗಳು, ನೂರು ಅಧ್ಯಾಯಗಳು. ಅದರ ಮೂರನೆಯ ವಿಂಶತಿ ಪೂರ್ತಿ ರಾಜನ ಉಪಭೋಗಗಳಿಗೆ ಮೀಸಲು: ಮನೆ, ಸ್ನಾನ, ಲೇಪನ, ವಸ್ತ್ರ, ಮಾಲೆ, ಚಾಮರ, ಪಾನೀಯ, ಕೊಡೆ, ಹಾಸಿಗೆ ಹೀಗೆ ಇಪ್ಪತ್ತು ಬಗೆ. ಕೊನೆಯ ವಿಂಶತಿಯಲ್ಲಿ ಕ್ರೀಡೆಗಳ ಪಟ್ಟಿಯಿದೆ: ನೀರಿನಾಟ, ಉಯ್ಯಾಲೆ, ಎಳೆಹುಲ್ಲಿನ ಮೇಲಣ ವಿಹಾರ, ಮರಳಿನ ಆಟ, ಬೆಳುದಿಂಗಳ ಆಟ. ಈ ಎರಡು ಪಟ್ಟಿಗಳನ್ನು ಒಟ್ಟಿಗೆ ಇರಿಸಿಕೊಂಡು ಓದಿದರೆ, ಸೆಕೆಯ ನಾಡಿನ ಅರಸನು ತಂಪನ್ನು ಒಂದು ವಿದ್ಯೆಯಾಗಿ ಅಭ್ಯಾಸ ಮಾಡಿದ್ದನೆಂಬುದು ಹೊಳೆಯುತ್ತದೆ. ಕಲ್ಯಾಣದವರ ವೈರಿಯಾಗಿದ್ದ ಧಾರಾನಗರದ ಭೋಜನೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದವನಲ್ಲ. ಅವನ ಹೆಸರಿನ ‘ಸಮರಾಂಗಣ ಸೂತ್ರಧಾರ’ದಲ್ಲಿ ನೀರು ಮಳೆಯಂತೆ ಸುರಿಯುವ ಧಾರಾಗೃಹಗಳ ವರ್ಣನೆಯಿದೆ. ನಮ್ಮ ಚಂಪೂ ಕವಿಗಳು ಅಷ್ಟಾದಶ ವರ್ಣನೆಗಳಲ್ಲಿ ಜಲಕ್ರೀಡೆಯನ್ನು ಬಿಡದೆ ಹೇಳುವುದನ್ನು ಕಾವ್ಯದ ಕಟ್ಟಳೆಯೆಂದಷ್ಟೇ ಓದಿಕೊಂಡು ಬಂದಿದ್ದೇವೆ. ಅದರ ಹಿಂದೆ ಬೇಸಗೆಯೂ ಇದ್ದಿತು.

ಆದರೆ ಈ ಗ್ರಂಥಗಳು ಒಂದು ಮಾತನ್ನು ಹೇಳುವುದಿಲ್ಲ. ಅರಸನಿಗೆ ಚಾಮರ ಬೀಸುವವಳಿಗೆ ಬೀಸುವವರು ಯಾರು? ಕೊಡೆ ಹಿಡಿದವನ ತಲೆಯ ಮೇಲೆ ಕೊಡೆಯಿದ್ದಿತೆ? ಧಾರಾಗೃಹಕ್ಕೆ ನೀರು ಹೊತ್ತವರ ಹೆಗಲು ತಂಪಾಯಿತೆ? ಅರಮನೆಯ ತಂಪು ಇನ್ನೊಬ್ಬರ ಬೆವರಿನಿಂದ ಬಂದ ತಂಪು. ಬ್ರಿಟಿಷರ ಕಾಲದ ಕಚೇರಿಗಳಲ್ಲಿ ಗೋಡೆಯಾಚೆ ಕುಳಿತು ಹಗ್ಗ ಜಗ್ಗುತ್ತಿದ್ದ ಪಂಖಾದ ಆಳಿನವರೆಗೂ ಈ ಲೆಕ್ಕ ಬದಲಾಗಲಿಲ್ಲ.

ಸೋಮೇಶ್ವರನು ತೀರಿಕೊಂಡ ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ಶರಣರು ಕೂಡಿದರು. ಅವರ ಹೆಸರುಗಳನ್ನೇ ನೋಡಿ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ಬಹುಮಟ್ಟಿಗೆ ಬಯಲಿನಲ್ಲಿ, ನೀರಿನ ದಂಡೆಯಲ್ಲಿ, ಬಿಸಿಲಿನಲ್ಲಿ ಮಾಡುವ ಕಾಯಕಗಳು. ಬಿಸಿಲುಂಡವರ ಮಾತಿಗೆ ಕನ್ನಡದಲ್ಲಿ ಮೊದಲ ಬಾರಿಗೆ ಅಷ್ಟು ದೊಡ್ಡ ಜಾಗ ಸಿಕ್ಕಿತು. ಹುಮನಾಬಾದಿನಿಂದ ಪಡುವಣಕ್ಕೆ ಹೋಗುವ ಹೆದ್ದಾರಿ ಮುಟ್ಟುವ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮನು ಕೆರೆ ತೋಡಿಸುವುದನ್ನೇ ತನ್ನ ಕಾಯಕ ಮಾಡಿಕೊಂಡಿದ್ದನು. ತಂಪನ್ನು ಅರಮನೆಯಿಂದ ಬೀದಿಗೆ ತರುವ ದಾರಿ ಅದು. ಕೆರೆ ಒಬ್ಬನಿಗಾಗಿ ತುಂಬುವುದಿಲ್ಲ.

ಕೆರೆ, ಬಾವಿ, ಅರವಂಟಿಗೆ ಈ ಮೂರೂ ನಮ್ಮ ಹಳಬರ ಧರ್ಮಕಾರ್ಯಗಳ ಪಟ್ಟಿಯಲ್ಲಿ ಸದಾ ಇರುವಂಥವು. ಬೇಸಗೆಯ ದಾರಿಯಲ್ಲಿ ನೆರಳು ಕಟ್ಟಿ, ಮಣ್ಣಿನ ಮಡಕೆಯಲ್ಲಿ ನೀರಿಟ್ಟು, ಬಂದವರಿಗೆಲ್ಲ ಕೊಡುವ ಅರವಂಟಿಗೆ ಬಿಸಿಲಿಗೆ ಸಮಾಜವು ಕೊಟ್ಟ ಉತ್ತರ. ಮುಂದೆ ಬಹಮನಿ ಸುಲ್ತಾನರು ಬೀದರಿಗೆ ಬಂದಾಗ, ಹದಿನೈದನೆಯ ಶತಮಾನದಲ್ಲಿ, ನೌಬಾದಿನಲ್ಲಿ ಇರಾನಿನ ಪದ್ಧತಿಯ ಸುರಂಗ ಕಾಲುವೆ ಹುಟ್ಟಿತು. ಜಂಬಿಟ್ಟಿಗೆಯ ಕಲ್ಲಿನೊಳಗೆ ಕೊರೆದ ಸುಮಾರು ಮೂರು ಕಿಲೋಮೀಟರು ದಾರಿ; ನಡುನಡುವೆ ಬಾವಿಯಂಥ ಕಂಡಿಗಳು. ನೆಲದೊಳಗೆ ಹರಿಯುವ ನೀರನ್ನು ಸೂರ್ಯ ಕುಡಿಯಲಾರ ಎಂಬ ತಿಳಿವಳಿಕೆ ಅದರ ಹಿಂದಿದೆ.

ಇನ್ನು ಸಾಮಾನ್ಯರ ಮನೆ. ಈ ಸೀಮೆಯ ಹಳೆಯ ಮಾಳಿಗೆ ಮನೆಗೆ ಒಂದೂವರೆ ಎರಡು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ತೊಲೆ ಜಂತಿಗಳ ಮೇಲೆ ಹೊದಿಸಿದ ಮಣ್ಣು, ಬೆಳಕಿಂಡಿ, ಕಿರುಕಿಟಕಿಗಳು. ದಪ್ಪಗೋಡೆ ಮುಂಜಾನೆಯಿಂದ ಬಿಸಿಯನ್ನು ಕುಡಿಯುತ್ತದೆ. ಆ ಬಿಸಿ ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಮನೆಯವರು ಹಾಸಿಗೆ ಎತ್ತಿಕೊಂಡು ಮಾಳಿಗೆ ಹತ್ತಿರುತ್ತಾರೆ. ಇರುಳೆಲ್ಲ ಗೋಡೆ ಆರುತ್ತದೆ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಚಾಲುಕ್ಯರ ಗುಡಿಯಲ್ಲಿಯೂ ಇದೇ ನ್ಯಾಯ. ವಿಕ್ರಮಾದಿತ್ಯನ ಕೀರ್ತಿಯನ್ನು ಬರೆಯುತ್ತಿರುವ ಶಿಲಾಬಾಲಿಕೆ ಹೊರಗೋಡೆಯಲ್ಲಿ ಶತಮಾನಗಳಿಂದ ಬಿಸಿಲಿಗೆ ಮೈಯೊಡ್ಡಿ ನಿಂತಿದ್ದಾಳೆ. ಒಂದು ಹೊಸ್ತಿಲು ದಾಟಿ ಒಳಗೆ ಕಾಲಿಟ್ಟರೆ ಅಂಗಾಲು ತಣ್ಣಗಾಗುತ್ತದೆ. ಹಳೆಯ ಮನೆಗಳನ್ನು ಹೊಗಳುವಾಗ ಅವುಗಳ ಕತ್ತಲೆಯನ್ನೂ, ಒಲೆಯ ಹೊಗೆಯನ್ನೂ, ಮಳೆಗಾಲದ ಸೋರಿಕೆಯನ್ನೂ ಮರೆಯಬಾರದು. ಸಿಮೆಂಟಿನ ಮನೆಗೆ ಜನ ಸುಮ್ಮನೆ ಹೋಗಲಿಲ್ಲ.

ಹೋದ ಮೇಲೆ ಆದದ್ದೇನು? ನಾಲ್ಕೈದು ಅಂಗುಲದ ಕಾಂಕ್ರೀಟು ಚಾವಣಿ ಹಗಲೆಲ್ಲ ಕಾಯ್ದು, ಮಲಗುವ ಹೊತ್ತಿಗೆ ಸರಿಯಾಗಿ ತನ್ನ ಬಿಸಿಯನ್ನು ಕೆಳಗೆ ಇಳಿಸುತ್ತದೆ. ಮಾಳಿಗೆ ಮನೆಯೊಡೆಯರಿಗೆ ಸೇರಿದ್ದು. ಬಾಡಿಗೆಯವರಿಗೆ ಅದನ್ನು ಹತ್ತುವ ಅವಕಾಶ ಅನೇಕ ವೇಳೆ ಇರುವುದಿಲ್ಲ. ಬೆಳುದಿಂಗಳು ಸೋಮೇಶ್ವರನಿಗೆ ಕ್ರೀಡೆಯಾಗಿತ್ತು, ಒಕ್ಕಲಿಗನಿಗೆ ಹೊದಿಕೆಯಾಗಿತ್ತು. ಈ ಮನೆಯವರಿಗೆ ಕಿಟಕಿಯಲ್ಲಿ ಕಾಣುವ ನೋಟ ಮಾತ್ರ.

ಚಾಲುಕ್ಯರ ಆಸ್ಥಾನದ ಕವಿ ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗಿರುತ್ತಾನೆ. ಭೀಮನ ಗರ್ಜನೆ ಕೇಳಿ, ಸುತ್ತಲೂ ತಣ್ಣೀರಿದ್ದರೂ ಅವನ ಮೈ ಬೆವರುತ್ತದೆ. ಕವಿ ಹೇಳಿದ್ದು ಅವನ ಅಭಿಮಾನದ ಉರಿಯನ್ನು. ಆದರೆ ಬೇಸಗೆಯ ಪಾಠವೂ ಅಲ್ಲಿದೆ: ಬೆವರು ಬಂದರೆ ಸಾಲದು, ಆರಬೇಕು. ಒಂದು ಲೀಟರು ನೀರು ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಸುತ್ತಣಿಂದ ಸೆಳೆದುಕೊಳ್ಳುತ್ತದೆ. ಮಣ್ಣಿನ ಹೂಜಿ, ಲಾವಂಚದ ತೆರೆ, ಇಂದಿನ ಕೂಲರು, ನಮ್ಮ ಮೈ ಎಲ್ಲವೂ ನಂಬಿರುವುದು ಇದೊಂದನ್ನೇ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂಲರು ಓಡಿಸಿದರೆ ಗಾಳಿ ನೀರುಂಡು ಭಾರವಾಗುತ್ತದೆ, ಬೆವರು ಆರುವುದಿಲ್ಲ, ನಾವು ಸರೋವರದೊಳಗಿನ ದುರ್ಯೋಧನರಾಗುತ್ತೇವೆ. ಆದುದರಿಂದ ಕೂಲರಿನ ಎದುರು ಒಂದು ಕಿಟಕಿ ತೆರೆದಿರಬೇಕು. ಹಗಲು ಬಿಸಿಲ ಕಡೆಯ ಕಿಟಕಿಗಳನ್ನು ಮುಚ್ಚಿ, ಸಾಧ್ಯವಾದರೆ ಹೊರಗಿನಿಂದಲೇ ತಟ್ಟಿ ಕಟ್ಟಿ ನೆರಳು ಮಾಡಬೇಕು. ಹೊತ್ತು ಮುಳುಗಿ ಹೊರಗಣ ಗಾಳಿ ತಣಿದ ಮೇಲೆ ಎಲ್ಲವನ್ನೂ ತೆರೆಯಬೇಕು. ಕೋಣೆಯ ಉಷ್ಣತೆ 40 ಡಿಗ್ರಿ ದಾಟಿದಾಗ ಬರಿಯ ಫ್ಯಾನು ಬಿಸಿಗಾಳಿಯನ್ನೇ ಮೈಗೆ ತಳ್ಳುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಆಗ ಒದ್ದೆ ಬಟ್ಟೆಯೇ ಮೇಲು. ಚಾವಣಿಗೆ ಸುಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ಆಕಾಶಕ್ಕೇ ಮರಳುತ್ತದೆ. ನೆರೆಯ ತೆಲಂಗಾಣವು 2023ರಲ್ಲಿ ತಂಪು ಚಾವಣಿಗಳಿಗೆಂದೇ ಒಂದು ಸರಕಾರಿ ನೀತಿಯನ್ನು ಹೊರಡಿಸಿತು. ನಮ್ಮ ಅಜ್ಜಂದಿರ ಸುಣ್ಣದ ಗಡಿಗೆ ಹೀಗೆ ಸರಕಾರದ ಕಡತವನ್ನು ಸೇರಿತು.

ಇವೆಲ್ಲ ಮನೆಯೊಳಗಿನ ಉಪಾಯಗಳು. ಮನೆ ಒಂದರಿಂದಲೇ ಈ ಲೆಕ್ಕ ಮುಗಿಯುವುದಿಲ್ಲ. ಕೂಲರಿಗೆ ನೀರು ಬೇಕು. 2016ರ ಏಪ್ರಿಲ್‌ನಲ್ಲಿ ನಮ್ಮ ಗಡಿಯಾಚೆಯ ಲಾತೂರಿಗೆ ಮೀರಜಿನಿಂದ ರೈಲುಗಾಡಿಯಲ್ಲಿ ಕುಡಿಯುವ ನೀರು ಬಂದುದನ್ನು ನಾವು ಕಂಡಿದ್ದೇವೆ. ಅಂಥ ಬೇಸಗೆಯಲ್ಲಿ ಕೂಲರು ಬರಿಯ ತಗಡಿನ ಪೆಟ್ಟಿಗೆ. ಬಸವಕಲ್ಯಾಣದ ತ್ರಿಪುರಾಂತ ಕೆರೆಯ ಹೂಳೂ ಮೇಲಂತಸ್ತಿನ ಮನೆಯ ಸೆಕೆಯೂ ಬೇರೆ ಬೇರೆ ವಿಷಯಗಳಲ್ಲ.

2025ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳ ವೇಳೆ ಬೆಳಗಿನ 8ರಿಂದ ಮಧ್ಯಾಹ್ನ 1:30ರವರೆಗೆ ಎಂದು ಆಜ್ಞೆಯಾಯಿತು. ಒಳ್ಳೆಯ ಕ್ರಮ. ಆದರೆ ರಸ್ತೆಗೆ ಡಾಂಬರು ಹಾಕುವವನ ವೇಳೆ? ಇಟ್ಟಿಗೆ ಹೊರುವವಳ ವೇಳೆ? ತಗಡಿನ ಸೂರಿನ ಕೆಳಗೆ ರೊಟ್ಟಿ ತಟ್ಟುವವಳ ವೇಳೆ? ಮಾನಸೋಲ್ಲಾಸವು ಬಿಟ್ಟ ಪ್ರಶ್ನೆ ಒಂಬೈನೂರು ವರ್ಷಗಳ ಮೇಲೂ ಹಾಗೆಯೇ ನಿಂತಿದೆ.

ವೈಶಾಖ ಶುದ್ಧ ತದಿಗೆಯ ದಿನ ನೀರು ತುಂಬಿದ ಕೊಡ, ಬೀಸಣಿಗೆ, ಕೊಡೆಗಳನ್ನು ದಾನ ಮಾಡುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಬಸವ ಜಯಂತಿಯೂ ಅಂದೇ ಬರುತ್ತದೆ. ಅಕ್ಷಯ ತದಿಗೆಗೆ ಚಿನ್ನದ ಅಂಗಡಿಯ ಮುಂದೆ ಸಾಲು ನಿಲ್ಲುವವರು ಬಾಗಿಲಲ್ಲಿ ಒಂದು ಮಡಕೆ ನೀರಿಟ್ಟರೆ, ಮಾಳಿಗೆಯುಳ್ಳವರು ಬಾಡಿಗೆಯವರಿಗೆ ಇರುಳು ಮೆಟ್ಟಿಲ ಬೀಗ ತೆಗೆದರೆ, ಕೂಲಿ ಕೊಡುವವರು ನಡುಹಗಲು ಮೂರು ತಾಸು ಕೆಲಸ ನಿಲ್ಲಿಸಿದರೆ, ಕಲ್ಯಾಣದ ಚರಿತ್ರೆಯನ್ನು ಓದಿದ್ದಕ್ಕೆ ಅಷ್ಟು ಸಾರ್ಥಕ.

(ಬಾನುಲಿ ಭಾಷಣ)