ಕೆಎಎಸ್ ಪರೀಕ್ಷೆಗೆ ಸಂವಿಧಾನದ ಓದು: ಕರ್ನಾಟಕದ ಮೊಕದ್ದಮೆಗಳಿಂದಲೇ ಆರಂಭಿಸಬಹುದು

ಕೆಎಎಸ್ ಇರಲಿ, ಪಿಎಸ್‌ಐ ಇರಲಿ, ಪಿಡಿಒ ಇರಲಿ, ರಾಜ್ಯದ ಯಾವುದೇ ನೇಮಕಾತಿ ಪರೀಕ್ಷೆಯಲ್ಲೂ ಭಾರತದ ಸಂವಿಧಾನ ತಪ್ಪುವುದಿಲ್ಲ. ಹೀಗಾಗಿ ಬೆಂಗಳೂರಿನ ವಿಜಯನಗರ ಹಾಗೂ ಧಾರವಾಡದ ಕೋಚಿಂಗ್ ಕೇಂದ್ರಗಳ ಸುತ್ತಲಿನ ಪುಸ್ತಕದಂಗಡಿಗಳಲ್ಲಿ ‘ವಿಧಿಗಳು ಒಂದೇ ನೋಟದಲ್ಲಿ’ ಎಂಬ ಬಗೆಯ ಕಿರುಹೊತ್ತಗೆಗಳಿಗೆ ಸದಾ ಬೇಡಿಕೆ. ಅಭ್ಯರ್ಥಿಗಳು ವಿಧಿಯ ಸಂಖ್ಯೆಗಳನ್ನು ಮಗ್ಗಿಯಂತೆ ಉರು ಹೊಡೆಯುತ್ತಾರೆ. ಆದರೆ ‘ಕೆಳಗಿನ ಹೇಳಿಕೆಗಳಲ್ಲಿ ಯಾವುವು ಸರಿ?’ ಎಂಬ ಮಾದರಿಯ ಪ್ರಶ್ನೆ ಎದುರಾದಾಗ ಸಂಖ್ಯೆಯೊಂದೇ ಕೈಹಿಡಿಯುವುದಿಲ್ಲ. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಡಿತವಾಗುವ ಪರೀಕ್ಷೆಯಲ್ಲಿ ಅರೆಬರೆ ನೆನಪು ಮರೆವಿಗಿಂತಲೂ ದುಬಾರಿ.

ಒಂದು ವಿಧಿಯನ್ನು ಅದು ಹುಟ್ಟುಹಾಕಿದ ವಿವಾದ, ಆ ವಿವಾದದ ತೀರ್ಪು, ತೀರ್ಪಿನ ಬಳಿಕ ಬಂದ ತಿದ್ದುಪಡಿ ಇವುಗಳೊಡನೆ ಸರಪಳಿಯಾಗಿ ಓದಿದರೆ ಅದು ಮನಸ್ಸಿನಲ್ಲಿ ನಿಲ್ಲುತ್ತದೆ. ಕನ್ನಡಿಗ ಅಭ್ಯರ್ಥಿಗಳಿಗೆ ಇಲ್ಲೊಂದು ಅನುಕೂಲವಿದೆ. ಸ್ವತಂತ್ರ ಭಾರತದ ಸಂವಿಧಾನವನ್ನು ರೂಪಿಸಿದ ಮೊಕದ್ದಮೆಗಳಲ್ಲಿ ಹಲವು ಈ ನೆಲದಿಂದಲೇ ದೆಹಲಿಗೆ ಹೋದಂಥವು.

ಬೊಮ್ಮಾಯಿ ಪ್ರಕರಣ: 356ನೇ ವಿಧಿ

ರಾಮಕೃಷ್ಣ ಹೆಗಡೆ ಅವರ ರಾಜೀನಾಮೆಯ ನಂತರ 1988ರ ಆಗಸ್ಟ್‌ನಲ್ಲಿ ಎಸ್.ಆರ್. ಬೊಮ್ಮಾಯಿ ರಾಜ್ಯದ ಮುಖ್ಯಮಂತ್ರಿಯಾದರು. 1989ರ ಏಪ್ರಿಲ್‌ನಲ್ಲಿ ಆಡಳಿತ ಪಕ್ಷ ತೊರೆದ ಶಾಸಕರೊಬ್ಬರು, ಸರ್ಕಾರಕ್ಕೆ ಬೆಂಬಲ ಹಿಂತೆಗೆದುಕೊಂಡಿದ್ದಾರೆನ್ನಲಾದ 19 ಶಾಸಕರ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಸಲ್ಲಿಸಿದರು. ರಾಜ್ಯಪಾಲರು ಏಪ್ರಿಲ್ 19ರಂದು ರಾಷ್ಟ್ರಪತಿಗೆ ವರದಿ ಕಳುಹಿಸಿದರು. ಮರುದಿನವೇ ಸಹಿ ಹಾಕಿದ್ದವರಲ್ಲಿ ಏಳು ಮಂದಿ, ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ನೀಡಿ ಪಡೆಯಲಾಗಿದೆ ಎಂದರು. ಸದನದಲ್ಲಿಯೇ ಬಹುಮತ ಸಾಬೀತುಪಡಿಸಲು ಸಿದ್ಧ, ಬೇಕಿದ್ದರೆ ಅಧಿವೇಶನವನ್ನು ಬೇಗನೆ ಕರೆಯೋಣ ಎಂದು ಮುಖ್ಯಮಂತ್ರಿ ಹೇಳಿದರು. ಆ ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಜಾರಿಗೆ ಬಂದು ವಿಧಾನಸಭೆ ವಿಸರ್ಜನೆಗೊಂಡಿತು. ಹೈಕೋರ್ಟ್ ಬೊಮ್ಮಾಯಿಯವರ ಅರ್ಜಿಯನ್ನು ವಜಾ ಮಾಡಿತು.

ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿದ್ದು 1994ರ ಮಾರ್ಚ್ 11ರಂದು. ಸರ್ಕಾರಕ್ಕೆ ಬಹುಮತವಿದೆಯೇ ಎಂಬುದು ತೀರ್ಮಾನವಾಗಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ. ರಾಷ್ಟ್ರಪತಿಯ ಘೋಷಣೆ ನ್ಯಾಯಾಂಗದ ಪರಿಶೀಲನೆಗೆ ಒಳಪಡುತ್ತದೆ. ಸಂಸತ್ತಿನ ಎರಡೂ ಸದನಗಳು ಅನುಮೋದಿಸುವವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದೇ ಹೊರತು ವಿಸರ್ಜಿಸುವಂತಿಲ್ಲ. ಜಾತ್ಯತೀತತೆ ಸಂವಿಧಾನದ ಮೂಲ ಸಂರಚನೆಯ ಅಂಗ. ಪರೀಕ್ಷೆಯ ದೃಷ್ಟಿಯಿಂದ ಈ ನಾಲ್ಕು ಅಂಶಗಳೂ ಬೇಕು. ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡ್‌ಗಳ ಘೋಷಣೆಗಳು ಅಸಾಂವಿಧಾನಿಕವೆಂದೂ, ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳವು ಸಿಂಧುವೆಂದೂ ಪೀಠ ಹೇಳಿತು. ಬಹಳಷ್ಟು ಮಂದಿ ಇದನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಅಷ್ಟರಲ್ಲಿ ರಾಜ್ಯದಲ್ಲಿ ಚುನಾವಣೆ ನಡೆದು ನಾಲ್ಕು ವರ್ಷ ಕಳೆದಿತ್ತು. ಗೆದ್ದ ಬೊಮ್ಮಾಯಿಯವರಿಗೆ ಮರಳಿ ಪಡೆಯಲು ಸರ್ಕಾರವೇ ಉಳಿದಿರಲಿಲ್ಲ.

ಈ ಕಥೆ ಗೊತ್ತಿದ್ದರೆ 356ನೇ ವಿಧಿಯ ಅವಧಿಗಳು ತಾವಾಗಿಯೇ ಅರ್ಥವಾಗುತ್ತವೆ. ಎರಡು ತಿಂಗಳೊಳಗೆ ಸಂಸತ್ತಿನ ಒಪ್ಪಿಗೆ, ಒಮ್ಮೆಗೆ ಆರು ತಿಂಗಳ ವಿಸ್ತರಣೆ, ಒಟ್ಟು ಮೂರು ವರ್ಷದ ಮಿತಿ, ಒಂದು ವರ್ಷ ಮೀರಿದರೆ 1978ರ 44ನೇ ತಿದ್ದುಪಡಿ ವಿಧಿಸಿದ ಹೆಚ್ಚುವರಿ ಷರತ್ತುಗಳು. 2018ರ ಮೇ ತಿಂಗಳಲ್ಲಿ ಬಿ.ಎಸ್. ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿದ ಮರುದಿನವೇ ಸುಪ್ರೀಂ ಕೋರ್ಟ್, ಮೇ 19ಕ್ಕೆ ಬಹುಮತ ಪರೀಕ್ಷೆ ನಡೆಯಬೇಕೆಂದು ಆದೇಶಿಸಿದ್ದರ ಹಿಂದೆ ಇದ್ದುದೂ ಬೊಮ್ಮಾಯಿ ತೀರ್ಪಿನ ತತ್ವವೇ.

ಎಡನೀರು ಮಠದಿಂದ ಮಿನರ್ವ ಮಿಲ್ಸ್‌ವರೆಗೆ

ಸಂವಿಧಾನ ತಿದ್ದುವ ಸಂಸತ್ತಿನ ಅಧಿಕಾರಕ್ಕೆ ಮಿತಿ ಇದೆಯೇ? 368ನೇ ವಿಧಿಯ ಈ ಪ್ರಶ್ನೆಗೆ ಉತ್ತರ ಎರಡು ದಶಕಗಳಲ್ಲಿ ಮೂರು ಬಾರಿ ಬದಲಾಯಿತು. ಮಿತಿ ಇಲ್ಲ ಎಂದು ಶಂಕರಿ ಪ್ರಸಾದ್ (1951) ಹಾಗೂ ಸಜ್ಜನ್ ಸಿಂಗ್ (1965) ತೀರ್ಪುಗಳು. ಮೂಲಭೂತ ಹಕ್ಕುಗಳನ್ನು ಮುಟ್ಟುವಂತಿಲ್ಲ ಎಂದು ಗೋಲಕನಾಥ್ (1967). ಅದನ್ನು ಮೀರಲು 1971ರ 24ನೇ ತಿದ್ದುಪಡಿ. ಕೊನೆಗೆ 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣ. ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಸಂವಿಧಾನದ ಮೂಲ ಸಂರಚನೆಯನ್ನು ಮಾತ್ರ ಕೆಡಿಸುವಂತಿಲ್ಲ ಎಂದು 13 ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಿಂದ ಹೇಳಿತು.

ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳದ ಪಾಲಾದ ಕನ್ನಡ ಸೀಮೆ ಅದು. ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಜಮೀನಿಗೆ ಕುತ್ತು ಬಂದುದು ದಾವೆಯ ಮೂಲ. ಯಕ್ಷಗಾನ, ಸಂಗೀತಗಳಲ್ಲಿ ಮುಳುಗಿರುತ್ತಿದ್ದ ಸನ್ಯಾಸಿಯೊಬ್ಬರ ಹೆಸರು ಕಾನೂನು ವಿದ್ಯಾರ್ಥಿಗಳ ಬಾಯಲ್ಲಿ ನಿತ್ಯವೂ ಸುಳಿಯುವಂತಾದುದು ಇತಿಹಾಸದ ವಿನೋದ. ಸ್ವಾಮೀಜಿ 2020ರ ಸೆಪ್ಟೆಂಬರ್‌ನಲ್ಲಿ ನಿಧನರಾದರು. ಬಹುಮತದ ತೀರ್ಪಿನ ಪಕ್ಷದಲ್ಲಿದ್ದವರಲ್ಲಿ ಕಾರ್ಕಳ ತಾಲ್ಲೂಕಿನ ಕೌಡೂರಿನವರಾದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಅವರೂ ಒಬ್ಬರು. ತೀರ್ಪಿನ ಬೆನ್ನಿಗೇ ಮೂವರು ಹಿರಿಯರನ್ನು ಕಡೆಗಣಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದಾಗ, ಶೆಲಾತ್ ಹಾಗೂ ಗ್ರೋವರ್ ಅವರೊಡನೆ ಹೆಗ್ಡೆಯವರೂ ರಾಜೀನಾಮೆ ನೀಡಿದರು. ಮುಂದೆ ಅವರು ಲೋಕಸಭೆಯ ಸ್ಪೀಕರ್ ಆದರು.

ಸರಪಳಿ ಇಲ್ಲಿಗೆ ಮುಗಿಯುವುದಿಲ್ಲ. ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ (1976) ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲ ಎಂದು 368ನೇ ವಿಧಿಗೆ ಹೊಸ ಖಂಡಗಳನ್ನು ಸೇರಿಸಿತು. ಅವನ್ನು ರದ್ದುಪಡಿಸಿದ 1980ರ ತೀರ್ಪು ಬೆಂಗಳೂರಿನ ಬಟ್ಟೆ ಗಿರಣಿಯಾದ ಮಿನರ್ವ ಮಿಲ್ಸ್ ಹೆಸರಿನದು. ಗಿರಣಿಯನ್ನು ಕೇಂದ್ರ ಸರ್ಕಾರ ರಾಷ್ಟ್ರೀಕರಿಸಿದ್ದೇ ವಿವಾದದ ಆರಂಭ. ಮೂಲಭೂತ ಹಕ್ಕು ಹಾಗೂ ರಾಜ್ಯನೀತಿಯ ನಿರ್ದೇಶಕ ತತ್ವಗಳ ನಡುವಿನ ಸಮತೋಲವೂ ಮೂಲ ಸಂರಚನೆಯ ಭಾಗ ಎಂಬ ಮಾತು ಬಂದುದು ಇದೇ ತೀರ್ಪಿನಲ್ಲಿ.

ಕ್ಯಾಪಿಟೇಷನ್ ಶುಲ್ಕದಿಂದ ಖಾಸಗಿತನಕ್ಕೆ

ಶಿಕ್ಷಣದ ಹಕ್ಕಿನ ಸರಪಳಿಯೂ ಇಲ್ಲಿಯದೇ. ಖಾಸಗಿ ವೈದ್ಯಕೀಯ ಕಾಲೇಜುಗಳ ಕ್ಯಾಪಿಟೇಷನ್ ಶುಲ್ಕವನ್ನು ಪ್ರಶ್ನಿಸಿದ ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ (1992) ಪ್ರಕರಣದಲ್ಲಿ ಶಿಕ್ಷಣ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ ಹೇಳಿತು. ಉನ್ನಿಕೃಷ್ಣನ್ ತೀರ್ಪು (1993) ಅದನ್ನು 14 ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿತು. 2002ರ 86ನೇ ತಿದ್ದುಪಡಿ 21ಎ ವಿಧಿಯನ್ನು ಸೇರಿಸಿ, 45ನೇ ವಿಧಿಯನ್ನು ಬದಲಿಸಿ, ಮೂಲಭೂತ ಕರ್ತವ್ಯಗಳ ಸಂಖ್ಯೆಯನ್ನು ಹತ್ತರಿಂದ ಹನ್ನೊಂದಕ್ಕೆ ಏರಿಸಿತು. ಅದೇ ವರ್ಷ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಖಾಸಗಿ ಶಿಕ್ಷಣ ಸಂಸ್ಥೆಗಳ ಸ್ವಾಯತ್ತತೆಯ ಬಗ್ಗೆ ತೀರ್ಪಿತ್ತಿತು.

ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದ 2017ರ ಆಗಸ್ಟ್ 24ರ ತೀರ್ಪಿನ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಪಂಚಾಯತ್ ರಾಜ್ ವಿಷಯದಲ್ಲಿ ಮೊಕದ್ದಮೆಯ ಬದಲು ಕಾಯ್ದೆಯನ್ನೇ ಹಿಡಿಯಬೇಕು. ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ಬಂದ ರಾಜ್ಯದ 1983ರ ಕಾಯ್ದೆ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿದ್ದು 73ನೇ ತಿದ್ದುಪಡಿಗೆ ಸುಮಾರು ಒಂದು ದಶಕ ಮೊದಲು.

ಹಳೆಯ ಗೈಡಿನ ಅಪಾಯ

ಹಿರಿಯರಿಂದ ಬಳುವಳಿಯಾಗಿ ಬಂದ ಪುಸ್ತಕವನ್ನೇ ನೆಚ್ಚಿಕೊಳ್ಳುವುದು ಹಾಸ್ಟೆಲ್‌ಗಳಲ್ಲಿ ಸಾಮಾನ್ಯ. ಇತಿಹಾಸಕ್ಕೆ ಅದು ನಡೆದೀತು, ಸಂವಿಧಾನಕ್ಕೆ ನಡೆಯದು. ನಾಮಕರಣಗೊಂಡ ಆಂಗ್ಲೋ ಇಂಡಿಯನ್ ಸದಸ್ಯರೊಬ್ಬರನ್ನು ಸೇರಿಸಿ ನಮ್ಮ ವಿಧಾನಸಭೆಯ ಬಲ 225 ಎಂದು ಅಂಥ ಪುಸ್ತಕ ಹೇಳುತ್ತದೆ. 104ನೇ ತಿದ್ದುಪಡಿಯಿಂದಾಗಿ 2020ರ ಜನವರಿ ನಂತರ ಆ ನಾಮಕರಣ ಇಲ್ಲ. ಈಗಿನ ಬಲ 224. ಪಕ್ಷಾಂತರ ನಿಷೇಧದಲ್ಲಿ ಮೂರನೇ ಒಂದು ಭಾಗ ಶಾಸಕರು ಹೊರನಡೆದರೆ ‘ವಿಭಜನೆ’ ಎಂಬ ವಿನಾಯಿತಿ ಇದೆಯೆಂದು ಬರೆದಿದ್ದರೆ ಆ ಪುಸ್ತಕವನ್ನು ಬದಿಗಿಡಿ. ಅದನ್ನು 2003ರ 91ನೇ ತಿದ್ದುಪಡಿಯೇ ತೆಗೆದುಹಾಕಿದೆ. ಸಚಿವರ ಸಂಖ್ಯೆ ಸದನದ ಬಲದ ಶೇ 15ನ್ನು ಮೀರಬಾರದೆಂಬ ನಿಯಮವೂ ಅದೇ ತಿದ್ದುಪಡಿಯದು; ರಾಜ್ಯದ ಸಂಪುಟ ಮುಖ್ಯಮಂತ್ರಿ ಸೇರಿ 34ಕ್ಕೆ ನಿಲ್ಲುವುದು ಅದರಿಂದಲೇ.

ಹತ್ತನೇ ಅನುಸೂಚಿಯ ಮಾತು ಬಂದಾಗ 2019ರ ಕರ್ನಾಟಕವನ್ನು ಬಿಡುವಂತಿಲ್ಲ. 17 ಶಾಸಕರನ್ನು ಅನರ್ಹಗೊಳಿಸಿದ ಸ್ಪೀಕರ್ ಆದೇಶವನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ನವೆಂಬರ್ 13ರಂದು ಎತ್ತಿಹಿಡಿಯಿತು. ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಮತ್ತೆ ಸ್ಪರ್ಧಿಸುವಂತಿಲ್ಲ ಎಂಬ ಭಾಗವನ್ನು ಒಪ್ಪಲಿಲ್ಲ. ಸರಿ–ತಪ್ಪು ಹೇಳಿಕೆಗಳ ಪ್ರಶ್ನೆಗೆ ಹೇಳಿ ಮಾಡಿಸಿದಂತಹ ವಿಷಯವಿದು.

ಇನ್ನೊಂದು ಸೂಕ್ಷ್ಮ 371ಜೆ ವಿಧಿಯದು. 2012ರ 98ನೇ ತಿದ್ದುಪಡಿಯ ಮೂಲಕ ಬಂದ ಈ ವಿಧಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಪ್ರದೇಶಕ್ಕೆ ಸಂಬಂಧಿಸಿದ್ದು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದ ಕಾರಣ ಜಿಲ್ಲೆಗಳು ಈಗ ಏಳು. ಪ್ರದೇಶಕ್ಕೆ ರಾಜ್ಯ ಸರ್ಕಾರ 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟಿತು. ವಿಧಿಯ ಪಠ್ಯದಲ್ಲಿ ತಿದ್ದುಪಡಿ ಸೇರಿಸಿದ್ದು ಹೈದರಾಬಾದ್–ಕರ್ನಾಟಕ ಎಂಬ ಹೆಸರನ್ನು. ಆ ಭಾಗದ ಅಭ್ಯರ್ಥಿಗಳಿಗೆ ಇದು ಪ್ರಶ್ನೆಪತ್ರಿಕೆಯ ವಿಷಯ ಮಾತ್ರವಲ್ಲ, ಸ್ಥಳೀಯ ವೃಂದದ ಹುದ್ದೆಗಳಲ್ಲಿನ ಮೀಸಲಾತಿಯ ಆಧಾರವೂ ಹೌದು.

ಕನ್ನಡ ಪದಗಳ ತೊಡಕು

ಕನ್ನಡ ಮಾಧ್ಯಮದವರಿಗೆ ನಿಜವಾದ ಕಂಟಕ ಇರುವುದು ಇಲ್ಲಿ. 2024ರ ಆಗಸ್ಟ್ 27ರಂದು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ನಡೆದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದದ ಲೋಪಗಳ ಬಗ್ಗೆ ವ್ಯಾಪಕ ಆಕ್ಷೇಪ ಎದ್ದು, ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಬೇಕಾಯಿತು. ಆಗಲೂ ದೂರುಗಳು ನಿಲ್ಲಲಿಲ್ಲ. ವರ್ಷಗಟ್ಟಲೆ ಓದಿದವರು ವಿಷಯ ಗೊತ್ತಿದ್ದೂ ಪದ ತಿಳಿಯದೆ ಅಂಕ ಕಳೆದುಕೊಳ್ಳುವುದು ಅನ್ಯಾಯವೇ ಸರಿ. ಆದರೂ ಅಭ್ಯರ್ಥಿ ತನ್ನ ಕಡೆಯಿಂದ ಸಿದ್ಧನಾಗಿರಬೇಕು.

ಒಂದೇ ಪರಿಕಲ್ಪನೆಗೆ ಕನ್ನಡದಲ್ಲಿ ಹಲವು ಪದಗಳಿವೆ. ಆರ್ಟಿಕಲ್ ಎಂಬುದು ಕೆಲವೆಡೆ ವಿಧಿ, ಕೆಲವೆಡೆ ಅನುಚ್ಛೇದ. ಷೆಡ್ಯೂಲ್ ಎಂಬುದನ್ನು ಅನುಸೂಚಿ ಎಂದು ಬರೆದರೂ ಪತ್ರಿಕೆಗಳಲ್ಲಿ ‘ಎಂಟನೇ ಪರಿಚ್ಛೇದ’ ಎಂಬ ಬಳಕೆ ಹೆಚ್ಚು. ಸೆಕ್ಯುಲರ್ ಎಂಬುದಕ್ಕೆ ಜಾತ್ಯತೀತ, ಧರ್ಮನಿರಪೇಕ್ಷ ಎರಡೂ ಉಂಟು. ಮೂಲ ಸಂರಚನೆಯೇ ಮೂಲ ಸ್ವರೂಪವೂ ಆಗಿ ಬರುತ್ತದೆ. ಎಲ್ಲಕ್ಕಿಂತ ಜಾರು ನೆಲವೆಂದರೆ 199ನೇ ವಿಧಿಯ ಮನಿ ಬಿಲ್ ಮತ್ತು 207ನೇ ವಿಧಿಯ ಫೈನಾನ್ಷಿಯಲ್ ಬಿಲ್. ಮೊದಲನೆಯದು ಧನ ವಿಧೇಯಕ, ಎರಡನೆಯದು ಹಣಕಾಸು ವಿಧೇಯಕ. ಸುದ್ದಿಗಳಲ್ಲಿ ಎರಡಕ್ಕೂ ಹಣಕಾಸು ಮಸೂದೆ ಎಂದೇ ಬರೆಯುವುದುಂಟು. ಧನ ವಿಧೇಯಕವನ್ನು ವಿಧಾನ ಪರಿಷತ್ತು 14 ದಿನಗಳಿಗಿಂತ ಹೆಚ್ಚು ಕಾಲ ಇರಿಸಿಕೊಳ್ಳುವಂತಿಲ್ಲ. ಪರಿಷತ್ತು ಇರುವ ಆರು ರಾಜ್ಯಗಳಲ್ಲಿ ಒಂದಾದ ಕರ್ನಾಟಕದಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು.

ಆದ್ದರಿಂದ ಸಂವಿಧಾನದ ಮೂಲ ಪಠ್ಯವನ್ನು ಇಂಗ್ಲಿಷಿನಲ್ಲೂ ಕನ್ನಡ ಅನುವಾದದಲ್ಲೂ ಎದುರುಬದುರು ಇಟ್ಟುಕೊಂಡು, ದಿನಕ್ಕೆ ನಾಲ್ಕೈದು ವಿಧಿಗಳಂತೆ ಓದುವುದು ಒಳಿತು. ಎಂ. ಲಕ್ಷ್ಮೀಕಾಂತ್ ಅಥವಾ ಡಿ.ಡಿ. ಬಸು ಅವರ ಗ್ರಂಥ ಆಮೇಲೆ ಬರಲಿ. ಸಂವಿಧಾನ ರಚನೆಯ ಭಾಗ ಓದುವಾಗ ಕರಡು ಸಮಿತಿಯ ಅಧ್ಯಕ್ಷರಾದ ಡಾ. ಬಿ.ಆರ್. ಅಂಬೇಡ್ಕರ್ ಅವರಿಗೂ, ಸಂವಿಧಾನ ಸಭೆಯ ಸದಸ್ಯರಾಗಿರದೆ ಸಾಂವಿಧಾನಿಕ ಸಲಹೆಗಾರರಾಗಿದ್ದ ಮಂಗಳೂರಿನ ಬಿ.ಎನ್. ರಾವ್ ಅವರಿಗೂ ಇರುವ ವ್ಯತ್ಯಾಸವನ್ನು ಗುರುತು ಹಾಕಿಕೊಳ್ಳಬೇಕು.

ಪ್ರಶ್ನೆಪತ್ರಿಕೆ ನೀಡುವ ಆಯೋಗವೂ ಸಂವಿಧಾನದ ಸೃಷ್ಟಿಯೇ. 315ರಿಂದ 323ರವರೆಗಿನ ವಿಧಿಗಳು ಲೋಕಸೇವಾ ಆಯೋಗಗಳಿಗೆ ಮೀಸಲು. ರಾಜ್ಯ ಆಯೋಗದ ಅಧ್ಯಕ್ಷರು ಹಾಗೂ ಸದಸ್ಯರನ್ನು ನೇಮಿಸುವವರು ರಾಜ್ಯಪಾಲರು, ಪದಚ್ಯುತಗೊಳಿಸುವ ಅಧಿಕಾರ ಮಾತ್ರ ರಾಷ್ಟ್ರಪತಿಯದು. ಅವರ ಅವಧಿ ಆರು ವರ್ಷ ಅಥವಾ 62 ವರ್ಷ ವಯಸ್ಸು, ಯಾವುದು ಮೊದಲೋ ಅದು. ಕೇಂದ್ರ ಆಯೋಗದಲ್ಲಿ ಈ ವಯೋಮಿತಿ 65.